ಡೊಳ್ಳು, ಗಿಟಾರು ಮತ್ತು ಒಂದು ಚೀಟಿ

1990ರ ಹೊತ್ತಿಗೆ ಬ್ರೆಜಿಲ್ ದೇಶದ ಸರ್ಕಾರ ಸಾವಿರ ಕ್ರೂಜೇರೊ ಬೆಲೆಯ ಒಂದು ನೋಟನ್ನು ಅಚ್ಚು ಹಾಕಿಸಿತು. ಅದರ ಒಂದು ಬದಿಯಲ್ಲಿ ಕಾಂಡಿಡೊ ರೊಂಡಾನ್ ಎಂಬ ಸೈನ್ಯಾಧಿಕಾರಿಯ ಚಿತ್ರ. ಕಾಡಿನ ನಡುವೆ ತಂತಿ ಕಂಬಗಳನ್ನು ನೆಡಿಸುತ್ತ ಹೋದವನು. 1910ರಲ್ಲಿ ಆದಿವಾಸಿಗಳ ರಕ್ಷಣೆಗೆಂದೇ ಒಂದು ಸರ್ಕಾರಿ ಇಲಾಖೆಯನ್ನು ಕಟ್ಟಿದವನು. ಇನ್ನೊಂದು ಬದಿಯಲ್ಲಿ ಕರಜಾ ಎಂಬ ಆದಿವಾಸಿ ಜನಾಂಗದ ಎಳೆಯ ಮುಖಗಳು. ನೋಟೇನೋ ಚೆಂದವಿತ್ತು, ಆದರೆ ಆ ದೇಶದಲ್ಲಿ ಆಗ ದುಡ್ಡಿಗೆ ಬೆಲೆಯೇ ನಿಲ್ಲುತ್ತಿರಲಿಲ್ಲ. 1993ರ ಆಗಸ್ಟಿನಲ್ಲಿ ಸಾವಿರ ಕ್ರೂಜೇರೊಗಳನ್ನು ಒಂದು ಕ್ರೂಜೇರೊ ರಿಯಾಲ್ ಎಂದು ಲೆಕ್ಕ ಹಾಕಿದರು. 1994ರ ಜುಲೈ 1ರಂದು ಅಂಥ 2750 ಸೇರಿಸಿದರೆ ಹೊಸದೊಂದು ರಿಯಾಲ್ ಎಂದರು. ಅಂದರೆ ನಾಲ್ಕೇ ವರ್ಷದಲ್ಲಿ ಆ ಸಾವಿರದ ನೋಟು ಹೊಸ ನಾಣ್ಯದ 2750ರಲ್ಲಿ ಒಂದು ಪಾಲಿಗೆ ಇಳಿದಿತ್ತು. ಅಂಗಡಿಯವನು ಕೈಯಲ್ಲಿ ಮುಟ್ಟದ ಕಾಗದವಾಗಿತ್ತು ಅನ್ನಿ.

ನೋಟು ಸತ್ತರೂ ಅದರ ಮೇಲಿನ ಮುಖ ಸಾಯಲಿಲ್ಲ. 1996ರ ಫೆಬ್ರುವರಿಯಲ್ಲಿ ಅದು ಒಂದು ಸಂಗೀತದ ಆಲ್ಬಂ ಮೇಲೆ ಮತ್ತೆ ಕಾಣಿಸಿಕೊಂಡಿತು. ಮೈಕೆಲ್ ವ್ಹೇಲನ್ ಎಂಬ ಅಮೆರಿಕದ ಕಲಾವಿದ ಆ ನೋಟಿನ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಹೊದಿಕೆಯ ಚಿತ್ರ ಬರೆದಿದ್ದ. ಆಲ್ಬಮ್ಮಿನ ಹೆಸರು 'ರೂಟ್ಸ್', ಅಂದರೆ ಬೇರುಗಳು. ಹಾಡಿದವರು ಬ್ರೆಜಿಲ್ಲಿನ ಸೆಪುಲ್ತುರ ಎಂಬ ಹೆವಿ ಮೆಟಲ್ ತಂಡದವರು. ಪೋರ್ಚುಗೀಸ್ ಭಾಷೆಯಲ್ಲಿ ಸೆಪುಲ್ತುರ ಎಂದರೆ ಗೋರಿ. ಗೋರಿ ಎಂದು ಹೆಸರಿಟ್ಟುಕೊಂಡವರು ಬೇರಿನ ಮಾತಾಡಿದರಲ್ಲ ಎಂದು ಯಾರೂ ನಗಬೇಕಾಗಿಲ್ಲ. ಎರಡೂ ಮಣ್ಣಿನ ಕೆಳಗಿನ ವ್ಯವಹಾರವೇ ತಾನೆ!

ಬೆಂಗಳೂರಿನಲ್ಲಿ ಗುಮಾಸ್ತಿಕೆ ಮಾಡಿಕೊಂಡು, ಸಂಜೆ ರೇಡಿಯೋದಲ್ಲಿ ಭಾವಗೀತೆ ಕೇಳಿಕೊಂಡಿದ್ದ ನನ್ನಂಥವನಿಗೆ ಇವರ ಸಹವಾಸ ಹೇಗಾಯಿತೆಂದರೆ, ಅದಕ್ಕೆ ನನ್ನ ಅಕ್ಕನ ಮಗ ಕಾರಣ. ಅವನು ಇಂಜಿನಿಯರಿಂಗ್ ಓದಲೆಂದು ಊರಿನಿಂದ ಬಂದು ನಮ್ಮ ಬಾಡಿಗೆ ಮನೆಯಲ್ಲೇ ಉಳಿದಿದ್ದ. ಹಾಸ್ಟೆಲಿನ ಗೆಳೆಯರಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದ ಹಾಡುಗಳನ್ನು ರಾತ್ರಿ ಓದುವಾಗ ಹಚ್ಚುತ್ತಿದ್ದ. ನನ್ನ ಹೆಂಡತಿಗೆ ಅದರಿಂದ ತಲೆನೋವು. ನನಗೆ ಮಾತ್ರ ಆ ಒಂದು ಕ್ಯಾಸೆಟ್ಟಿನ ಮೇಲೆ ಮೊದಲ ದಿನದಿಂದಲೇ ಕಿವಿ ನಿಂತಿತು. ಹಾಡುವವನ ಕೂಗು ನನಗೆ ಬೇಕಾಗಿರಲಿಲ್ಲ, ಇಂಗ್ಲಿಷೂ ಅರ್ಥವಾಗುತ್ತಿರಲಿಲ್ಲ. ಆದರೆ ಕೂಗಿನ ಅಡಿಯಲ್ಲಿ ಚರ್ಮವಾದ್ಯ ಬಾರಿಸುತ್ತಿದ್ದವರು ಕೆಲಸ ಗೊತ್ತಿದ್ದವರು. ಒಬ್ಬ ಹೊಡೆದ ಪೆಟ್ಟಿಗೆ ಇನ್ನೊಬ್ಬ ಉತ್ತರ ಕೊಡುವುದು, ಎಲ್ಲರೂ ಒಮ್ಮೆಲೇ ನಿಲ್ಲಿಸಿ ಅರೆಕ್ಷಣ ಬಿಟ್ಟು ಮತ್ತೆ ಒಟ್ಟಿಗೆ ಬೀಳುವುದು, ಇವೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮದು ಸಾಗರದ ಕಡೆಯ ಊರು. ನನ್ನ ಅಪ್ಪ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿ ನಲವತ್ತು ವರ್ಷ ಡೊಳ್ಳು ಕಟ್ಟಿದವನು.

ಈ ಹುಡುಗರ ಕಥೆಯನ್ನು ಸ್ವಲ್ಪ ಹೇಳಬೇಕು. ಮ್ಯಾಕ್ಸ್ ಮತ್ತು ಇಗೋರ್ ಕವಲೇರಾ ಎಂಬ ಅಣ್ಣತಮ್ಮಂದಿರು 1984ರಲ್ಲಿ ಬೆಲೊ ಹೊರಿಜಾಂಟೆ ನಗರದಲ್ಲಿ ಈ ತಂಡವನ್ನು ಶುರು ಮಾಡಿದಾಗ ಇಬ್ಬರೂ ಹದಿನೈದರ ಆಚೀಚೆ. ಆ ನಗರ ಮೀನಾಸ್ ಜೆರಾಯ್ಸ್ ಎಂಬ ರಾಜ್ಯದ ರಾಜಧಾನಿ. ಆ ರಾಜ್ಯದ ಹೆಸರೇ ಗಣಿಗಳು ಎಂದು. ಅವರ ತಂದೆ ಇಟಲಿಯ ರಾಯಭಾರ ಕಚೇರಿಯ ಕೆಲಸದಲ್ಲಿದ್ದವನು, 1979ರಲ್ಲಿ ಹೃದಯ ನಿಂತು ತೀರಿಕೊಂಡ. ಅಲ್ಲಿಗೆ ಮನೆಯ ಅನುಕೂಲವೂ ಹೋಯಿತು. ಅಣ್ಣ ಗಿಟಾರು ಹಿಡಿದ. ಆರು ತಂತಿಯ ವಾದ್ಯದಲ್ಲಿ ತೆಳುವಾದ ಎರಡನ್ನು ಬಿಟ್ಟು ದಪ್ಪದ ನಾಲ್ಕನ್ನೇ ನುಡಿಸುವುದು ಅವನ ಪದ್ಧತಿಯಾಯಿತು. ತಮ್ಮ ಡ್ರಮ್ಮಿಗೆ ಕೂತ. ಪೌಲೊ ಷಿಸ್ಟೊ ಬಾಸ್ ಗಿಟಾರಿಗೆ ಬಂದ, 1987ರಲ್ಲಿ ಆಂಡ್ರಿಯಾಸ್ ಕಿಸ್ಸರ್ ಇನ್ನೊಂದು ಗಿಟಾರಿಗೆ ಬಂದ. ದೇಶದಲ್ಲಿ 1964ರಿಂದ ಇದ್ದ ಸೈನಿಕ ಆಡಳಿತ 1985ಕ್ಕೆ ಮುಗಿಯಿತು. ಇವರು ಬೆಳೆದದ್ದೆಲ್ಲ ಅದರ ನೆರಳಿನಲ್ಲಿ.

ಮೊದಮೊದಲು ಅವರು ಹಾಡಿದ್ದು ಇಂಗ್ಲೆಂಡು ಅಮೆರಿಕಗಳ ತಂಡಗಳಿಂದ ಕಲಿತದ್ದನ್ನೇ. ಅದೇ ಸೈತಾನ, ಅದೇ ಸಾವು, ಅದೂ ಇನ್ನೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ಹೆಸರು ಬಂತು, ಅಮೆರಿಕದ ಫೀನಿಕ್ಸ್ ನಗರಕ್ಕೆ ಹೋಗಿ ನೆಲೆಸಿದರು. ಆಮೇಲೆ ಶುರುವಾಯಿತು ನೋಡಿ ಊರಿನ ನೆನಪು. 1993ರ ಆಲ್ಬಮ್ಮಿನಲ್ಲಿ ಗುವರಾನಿ ಕಯೊವಾ ಎಂಬ ಆದಿವಾಸಿಗಳ ಹೆಸರಿನಲ್ಲಿ ಒಂದು ವಾದ್ಯದ ತುಣುಕು ಬಂತು. ಮೂರು ವರ್ಷದ ನಂತರ ಇಡೀ ಆಲ್ಬಮ್ಮೇ ಬೇರಿನದ್ದಾಯಿತು. ಅದರಲ್ಲಿ ಒಂದು ಹಾಡು ಸೈನಿಕ ಆಡಳಿತದ ಮೇಲೆ. ಇನ್ನೊಂದು ಶಿಕು ಮೆಂಡಿಸ್ ಮೇಲೆ. ರಬ್ಬರ್ ಹಾಲು ಇಳಿಸುವವರ ಸಂಘ ಕಟ್ಟಿ ಕಾಡು ಕಡಿಯುವವರನ್ನು ತಡೆದದ್ದಕ್ಕೆ 1988ರ ಡಿಸೆಂಬರ್ 22ರಂದು ತನ್ನ ಮನೆಯಲ್ಲೇ ಗುಂಡಿಗೆ ಬಲಿಯಾದವನು ಅವನು. ಊರಲ್ಲಿದ್ದಾಗ ಬೇರಿನ ಮೇಲೇ ನಿಂತಿರುತ್ತೇವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಫೀನಿಕ್ಸೇ ಆಗಬೇಕೆಂದಿಲ್ಲ, ಬೆಂಗಳೂರಾದರೂ ಸಾಕು.

ಈ ಆಲ್ಬಮ್ಮನ್ನು ಬಣ್ಣಿಸುವವರೆಲ್ಲ 'ಗಿಟಾರಿನ ಜೊತೆ ಬುಡಕಟ್ಟಿನ ತಾಳ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಈ ಮಾತು ಸಾಲದು. ಬ್ರೆಜಿಲ್ಲಿನಲ್ಲಿ ಬೇರುಗಳು ಒಂದಲ್ಲ. ಆ ಕ್ಯಾಸೆಟ್ಟಿನ ಚರ್ಮವಾದ್ಯದ ಬಹುಪಾಲು ಕಾಡಿನದ್ದಲ್ಲ, ಕಡಲಾಚೆಯದು. ಬ್ರೆಜಿಲ್ಲಿಗೆ ಹಡಗಿನಲ್ಲಿ ತುಂಬಿ ತಂದು ಇಳಿಸಿದ ಆಫ್ರಿಕದ ಗುಲಾಮರ ಸಂಖ್ಯೆ ಸುಮಾರು 48 ಲಕ್ಷ; ಅಮೆರಿಕ ಖಂಡಗಳ ಬೇರೆ ಯಾವ ದೇಶಕ್ಕೂ ಅಷ್ಟು ಜನ ಬರಲಿಲ್ಲ. ಅಲ್ಲಿ ಗುಲಾಮಗಿರಿ ರದ್ದಾದದ್ದೇ 1888ರಲ್ಲಿ. ಅವರೊಡನೆ ಬಂದ ತಾಳಗಳು ಬಹಿಯಾ ರಾಜ್ಯದ ಸಾಲ್ವಡೋರ್ ನಗರದ ಬೀದಿಗಳಲ್ಲಿ ಇಂದಿಗೂ ಇವೆ. ಆ ಊರಿನವನೇ ಆದ ಕಾರ್ಲಿನ್ಯೊಸ್ ಬ್ರೌನ್ ಎಂಬ ತಾಳವಾದ್ಯದ ದೊಡ್ಡ ಕಸಬುದಾರನನ್ನು ಈ ಹುಡುಗರು ಕರೆಸಿಕೊಂಡರು. ಮುದ್ರಣ ನಡೆದದ್ದು ಕ್ಯಾಲಿಫೋರ್ನಿಯದ ಮಾಲಿಬು ಬೆಟ್ಟಗಳಲ್ಲಿದ್ದ ಒಂದು ಸ್ಟುಡಿಯೋದಲ್ಲಿ, ರಾಸ್ ರಾಬಿನ್ಸನ್ ಎಂಬುವನ ಉಸ್ತುವಾರಿಯಲ್ಲಿ. ಒಳಗೆ ನುಡಿಸಿದ್ದು ಸಾಲದೆಂದು ಹೊರಗಿನ ಕಣಿವೆಯಲ್ಲೂ ಕೂತು ಬಾರಿಸಿದರು. 'ರತಮಹಟ' ಎಂಬ ಹಾಡಿನಲ್ಲಿ ಆ ಬ್ರೌನನ ಕೈ ಕೇಳಬೇಕು. ಓಡಿ ಹೋದ ಗುಲಾಮರ ನೆಲೆ ಪಾಲ್ಮಾರಿಸ್‌ನ ನಾಯಕನಾಗಿದ್ದು 1695ರಲ್ಲಿ ಕೊಲೆಯಾದ ಜುಂಬಿಯ ಹೆಸರೂ ಆ ಹಾಡಿನಲ್ಲಿ ಬರುತ್ತದೆ. 'ಆಟಿಟ್ಯೂಡ್' ಎಂಬ ಹಾಡು ಶುರುವಾಗುವುದು ಬೆರಿಂಬಾವ್ ಎಂಬ ವಾದ್ಯದಿಂದ. ಹತ್ತಿ ಹಿಂಜುವ ಬಿಲ್ಲಿನಂಥ ಒಂದು ಬಿಲ್ಲು, ಒಂದೇ ತಂತಿ, ಬುಡಕ್ಕೆ ಕಟ್ಟಿದ ಸೋರೆಬುರುಡೆ. ಅದರ ಮೂಲ ಆಫ್ರಿಕದ ಅಂಗೋಲ ಕಡೆಯದು.

ಇದು ಒಂದು ಬೇರು. ಇನ್ನೊಂದು ಬೇರು ಹುಡುಕಿಕೊಂಡು ಅವರು ಹೋದದ್ದು ಮಾಟೊ ಗ್ರೊಸೊ ರಾಜ್ಯದ ಶವಾಂತೆ ಜನರ ಹಳ್ಳಿಗೆ. 1995ರ ನವೆಂಬರ್ ತಿಂಗಳು. ಆ ಹಳ್ಳಿಗೆ ಸರ್ಕಾರಿ ಕಾಗದದಲ್ಲಿ ಪಿಮೆಂಟೆಲ್ ಬಾರ್ಬೋಸಾ ಎಂದು ಹೆಸರು. ಆ ಹೆಸರಿನ ಹಿಂದೆ ಒಂದು ಕಥೆಯಿದೆ. ಬಾರ್ಬೋಸಾ ಎಂಬುವನು ರೊಂಡಾನ್ ಕಟ್ಟಿದ ಅದೇ ರಕ್ಷಣಾ ಇಲಾಖೆಯ ಅಧಿಕಾರಿ. 1941ರಲ್ಲಿ ಶವಾಂತೆಯರನ್ನು ಒಲಿಸಿಕೊಳ್ಳಲೆಂದು ತಂಡ ಕಟ್ಟಿಕೊಂಡು ಹೋದಾಗ ಅವರು ಅವನನ್ನೂ ಅವನ ಜೊತೆಯವರನ್ನೂ ಕೊಂದರು. 1946ರಲ್ಲಿ ಬೇರೊಂದು ತಂಡ ಹೋದ ಮೇಲೆಯೇ ಅವರು ಹೊರಗಿನವರೊಡನೆ ಸಮಾಧಾನಕ್ಕೆ ಬಂದದ್ದು. ಆಮೇಲೆ ಸರ್ಕಾರದವರು ಆ ನೆಲಕ್ಕೆ ಸತ್ತ ಅಧಿಕಾರಿಯ ಹೆಸರನ್ನೇ ಇಟ್ಟರು. ಶವಾಂತೆಯರು ತಮ್ಮ ಮಾತಿನಲ್ಲಿ ಆ ಹಳ್ಳಿಯನ್ನು ಎತೆನ್ಯಿರಿತಿಪ ಎನ್ನುತ್ತಾರೆ.

ಇವರು ಹೊರಗಿನವರನ್ನು ಸುಲಭಕ್ಕೆ ನಂಬುವ ಜನವಲ್ಲ. ಮಾರಿಯೊ ಜುರುನ ಎಂಬ ಶವಾಂತೆ ನಾಯಕನೊಬ್ಬ ಸರ್ಕಾರಿ ಕಚೇರಿಗಳಿಗೆ ಹೋಗುವಾಗ ಟೇಪ್ ರೆಕಾರ್ಡರ್ ಹಿಡಿದುಕೊಂಡೇ ಹೋಗುತ್ತಿದ್ದ. ಅಧಿಕಾರಿಗಳು ಕೊಟ್ಟ ಮಾತನ್ನೆಲ್ಲ ಮುದ್ರಿಸಿಕೊಂಡು, ಅವರು ತಪ್ಪಿದಾಗ ಅವರ ಮುಂದೆಯೇ ಹಾಕಿ ಕೇಳಿಸುತ್ತಿದ್ದ. 1982ರಲ್ಲಿ ಅವನು ಬ್ರೆಜಿಲ್ಲಿನ ಸಂಸತ್ತಿಗೆ ಆಯ್ಕೆಯಾದ, ಆದಿವಾಸಿಗಳಲ್ಲಿ ಮೊದಲಿಗ. 2002ರಲ್ಲಿ ತೀರಿಕೊಂಡ. ಎತೆನ್ಯಿರಿತಿಪದವರೂ ಅಷ್ಟೆ, ಗಿಟಾರಿನ ಹುಡುಗರು ಬರುವ ಮುಂಚೆಯೇ 1994ರಲ್ಲಿ ತಮ್ಮ ಹಾಡುಗಳ ಒಂದು ಮುದ್ರಣವನ್ನು ತಾವೇ ಮುಂದೆ ನಿಂತು ಹೊರತಂದಿದ್ದರು. ಹಾಗಾಗಿ ಏನೂ ಅರಿಯದ ಕಾಡುಜನರ ಬಳಿ ನಗರದವರು ಹೋಗಿ ಹಾಡು ದೋಚಿಕೊಂಡು ಬಂದರು ಎಂಬ ಕಥೆ ಇಲ್ಲಿ ಹೊಂದುವುದಿಲ್ಲ. ಸಾವ್ ಪಾವ್ಲೊ ನಗರದ ಆದಿವಾಸಿ ಸಂಸ್ಕೃತಿಯ ಸಂಸ್ಥೆಯೊಂದರ ಮೂಲಕ ಇವರು ಮೊದಲು ಕೇಳಿಸಿದರು, ಅವರು ಬನ್ನಿ ಎಂದ ಮೇಲೆ ಹೋದರು. ಮೈಗೆ ಬಣ್ಣ ಹಚ್ಚಿಸಿಕೊಂಡರು, ಜೊತೆಗೆ ಕೂತು ನುಡಿಸಿದರು. ರೋಗ ವಾಸಿಯಾಗಲೆಂದು ಹಾಡುವ ಒಂದು ಹಾಡನ್ನು ಅವರು ಹಾಡಿದರು, ಇವರು ತಂತಿ ಮತ್ತು ತಾಳ ಸೇರಿಸಿದರು. ಆಲ್ಬಮ್ಮಿನ ಕೊನೆಯ ಕಡೆ ಬರುವ 'ಇತ್ಸಾರಿ' ಅದೇ. ಶವಾಂತೆ ಭಾಷೆಯಲ್ಲಿ ಇತ್ಸಾರಿ ಎಂದರೂ ಬೇರುಗಳು ಎಂದೇ ಅರ್ಥ. ಅಲ್ಲಿ ಕಿವಿಗಡಚಿಕ್ಕುವ ವಿದ್ಯುತ್ ಗಿಟಾರಿಲ್ಲ. ಮ್ಯಾಕ್ಸ್ ಅಲ್ಲಿ ಕೂಗುವುದಿಲ್ಲ. ಮುಂದೆ ಇರುವುದು ಅವರ ಕಂಠ, ಇವರು ಹಿಂದೆ.

ನಮ್ಮೂರಿನ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ನಾನು ಈ ಕ್ಯಾಸೆಟ್ಟಿನ ಬೆನ್ನು ಬಿದ್ದದ್ದು ಯಾಕೆಂದು ಓದುಗರಿಗೆ ತಿಳಿಯುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕ್ಯಾಸೆಟ್ ಮಾಡುವ ಮಂದಿ ನಮ್ಮ ಊರಿಗೆ ಬಂದು ಅಪ್ಪನ ಮೇಳವನ್ನು ಪೇಟೆಗೆ ಕರೆದುಕೊಂಡು ಹೋದರು. ಹದಿಮೂರು ಜನ, ಹದಿಮೂರು ಡೊಳ್ಳು. ಬಸ್ಸಿನ ಮೇಲೆ ಹಗ್ಗ ಕಟ್ಟಿಕೊಂಡು ಹೋದರಂತೆ. ಒಂದಿಡೀ ದಿನ ಬಾರಿಸಿದರು. ಊಟ ಹಾಕಿ, ಬಸ್ ಚಾರ್ಜು ಕೊಟ್ಟು, ತಲೆಗೆ ಐವತ್ತು ರೂಪಾಯಿ ಕೈಗಿಟ್ಟು ಕಳಿಸಿದರು. ಆರು ತಿಂಗಳಿಗೆ ಕ್ಯಾಸೆಟ್ಟು ಬಂತು. ಹೊದಿಕೆಯ ಮೇಲೆ ಗಾಯಕನ ಫೋಟೋ ಇತ್ತು, ಸಂಗೀತ ನಿರ್ದೇಶಕನ ಹೆಸರಿತ್ತು, ಧ್ವನಿ ಹಿಡಿದವನ ಹೆಸರೂ ಇತ್ತು. ಹದಿಮೂರು ಜನರ ಜಾಗದಲ್ಲಿ 'ಜಾನಪದ' ಎಂಬ ಒಂದೇ ಶಬ್ದ ಇತ್ತು.

ನಾನು ಸಿಟ್ಟಾದೆ. ಅಪ್ಪ ಆಗಲಿಲ್ಲ. "ನಮ್ ಹೆಸರು ಯಾಕ್ ಬೇಕು ಬಿಡು. ಡೊಳ್ಳು ನಂದಲ್ಲ, ಬೀರಪ್ಪಂದು" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅವನು ಆ ಕ್ಯಾಸೆಟ್ಟನ್ನು ಟ್ರಂಕಿನಲ್ಲಿ ಪಂಚೆಗಳ ಅಡಿಗೆ ಇಟ್ಟವನು ಒಂದು ಸಲವೂ ಹಾಕಿಸಿ ಕೇಳಲಿಲ್ಲ. ಬಂದ ನೆಂಟರಿಗೂ ತೋರಿಸಲಿಲ್ಲ. ಬೀರಪ್ಪನದಾಗಿದ್ದರೆ ತೋರಿಸಬೇಕಿತ್ತಲ್ಲವೆ? ಹಲವು ವರ್ಷ ನನ್ನನ್ನು ಕೊರೆದದ್ದು ಅವನ ಮಾತಲ್ಲ, ಆ ಟ್ರಂಕು.

ಶವಾಂತೆಯರ ಹಾಡಿನ ಬಗ್ಗೆ ಓದುವಾಗ ನನಗೆ ಆ ಟ್ರಂಕಿನ ಅರ್ಥ ಬಿಡಿಸಿತು. ಲಾರಾ ಗ್ರಹಾಂ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಇದೇ ಹಳ್ಳಿಯಲ್ಲಿ ಬಹುಕಾಲ ಇದ್ದು ಅಭ್ಯಾಸ ಮಾಡಿದವರು. ಅವರ ಪುಸ್ತಕ ಬಂದದ್ದೂ 1995ರಲ್ಲೇ. ಅವರು ಹೇಳುವ ಪ್ರಕಾರ ಶವಾಂತೆ ತರುಣನಿಗೆ ಹಾಡು ಬರುವುದು ಕನಸಿನಲ್ಲಿ. ತೀರಿಹೋದ ಹಿರಿಯರು ಕನಸಿನಲ್ಲಿ ಬಂದು ಹಾಡು ಕೊಡುತ್ತಾರೆ. ಎದ್ದ ಮೇಲೆ ಅವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ. ತನ್ನ ಓರಗೆಯವರಿಗೆಲ್ಲ ಕಲಿಸುತ್ತಾನೆ. ಅವರು ವೃತ್ತ ಕಟ್ಟಿ ಕೈ ಹಿಡಿದು, ನೆಲಕ್ಕೆ ಕಾಲು ತುಳಿಯುತ್ತ, ಮನೆಯಿಂದ ಮನೆಗೆ ಅದನ್ನು ಹಾಡುತ್ತ ಹೋಗುತ್ತಾರೆ. ಒಬ್ಬನ ಕನಸು ಹಾಗೆ ಊರಿನ ಹಾಡಾಗುತ್ತದೆ.

ಅಂದರೆ ಹಾಡು ಎಲ್ಲರದೂ ಹೌದು. ಆದರೆ ಎಲ್ಲರದು ಎಂಬುದಕ್ಕೂ ಯಾರದೂ ಅಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಊರಿನ ಕೆರೆ ಎಲ್ಲರದು. ಹಾಗೆಂದು ಹೊರಗಿನವನು ಬಂದು ನೀರನ್ನು ಪಂಪು ಹಚ್ಚಿ ಎತ್ತಿಕೊಂಡು ಹೋಗಿ, ಎಲ್ಲಿಯದಪ್ಪಾ ಎಂದರೆ 'ಮಳೆಯದು' ಎನ್ನಲಾಗುವುದಿಲ್ಲ. ಅಪ್ಪ ಡೊಳ್ಳು ಬೀರಪ್ಪನದು ಎಂದಾಗ ಅದು ಎಲ್ಲರದು ಎಂಬ ಅರ್ಥದಲ್ಲಿ ಹೇಳಿದ. ಹೊದಿಕೆಯ ಮೇಲೆ 'ಜಾನಪದ' ಎಂದು ಬರೆದವರು ಅದು ಯಾರದೂ ಅಲ್ಲ ಎಂಬ ಅರ್ಥದಲ್ಲಿ ಬರೆದರು. 'ರೂಟ್ಸ್' ಆಲ್ಬಮ್ಮಿನಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಇಷ್ಟೆ: ಶವಾಂತೆಯರ ಹಾಡನ್ನು ತಮ್ಮ ಗದ್ದಲದೊಳಗೆ ಕರಗಿಸಿ ಗುರುತಿಲ್ಲದಂತೆ ಮಾಡದೆ ಅದಕ್ಕೇ ಒಂದು ಜಾಗ ಬಿಟ್ಟಿದ್ದಾರೆ, ಅವರ ಭಾಷೆಯ ಹೆಸರಿಟ್ಟಿದ್ದಾರೆ, ಹಾಡಿದವರು ಶವಾಂತೆಯರು ಎಂದು ಬರೆದಿದ್ದಾರೆ. ಇಟಲಿಯವನ ಮಕ್ಕಳಿಗೆ ರಕ್ತದ ಲೆಕ್ಕದಲ್ಲಿ ಅದು ಬೇರಲ್ಲ. ಹೋಗಿ, ಕೇಳಿ, ಜೊತೆಗೆ ಕೂತು ಪಡೆದದ್ದರಿಂದ ನೆಂಟಸ್ತನವಾಯಿತು.

ಇದನ್ನು ಹೆಚ್ಚು ಹೊಗಳಲೂ ಬಾರದು. ಮಾಟೊ ಗ್ರೊಸೊ ಇವತ್ತು ಬ್ರೆಜಿಲ್ಲಿನಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ರಾಜ್ಯ. ಶವಾಂತೆಯರ ನೆಲದ ಸುತ್ತಲೂ ಹೊಲ ಮತ್ತು ದನದ ಫಾರಂಗಳು ಬಂದಿವೆ. ಯಾವ ಗಿಟಾರೂ ಅದನ್ನು ತಡೆಯಲಿಲ್ಲ. ತಂಡವೂ ಉಳಿಯಲಿಲ್ಲ. 1996ರ ಡಿಸೆಂಬರಿನಲ್ಲಿ, ಆಲ್ಬಂ ಬಂದ ವರ್ಷವೇ, ಲಂಡನ್ನಿನ ಒಂದು ಕಛೇರಿಯ ನಂತರ ಮ್ಯಾಕ್ಸ್ ಹೊರನಡೆದ. ಅಣ್ಣತಮ್ಮಂದಿರಿಗೆ ಹತ್ತು ವರ್ಷದಷ್ಟು ಮಾತಿರಲಿಲ್ಲ. ಇಗೋರ್ ಕೂಡ 2006ರಲ್ಲಿ ತಂಡ ಬಿಟ್ಟ. ಆಮೇಲೆ ಇಬ್ಬರೂ ರಾಜಿಯಾಗಿ 2016ರಲ್ಲಿ ಈ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಊರೂರಿನಲ್ಲಿ ನುಡಿಸಿದರು. ಉಳಿದವರು ನಡೆಸಿಕೊಂಡು ಬಂದ ಸೆಪುಲ್ತುರ 2023ರ ಡಿಸೆಂಬರಿನಲ್ಲಿ ವಿದಾಯದ ತಿರುಗಾಟವನ್ನು ಸಾರಿತು. ಬೇರಿನ ಹಾಡು ಹಾಡಿದವರೇ ಕವಲೊಡೆದು ಹೋದರು. ಲೋಕದ ರೀತಿ.

1998ರಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಲೆಂದು ಬೆಂಗಳೂರಿಗೆ ಬಂದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೊರಗಿ ಕೂತವನಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಅಳಿಯ, "ಅಜ್ಜ, ಇದೊಂದು ಕೇಳ್ರಿ" ಎಂದು 'ರತಮಹಟ' ಹಚ್ಚಿದ. ಅಪ್ಪ ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಿಡಿದು ಪೂರ್ತಿ ಕೇಳಿದ. "ಬಾರ್ಸೋರು ಭೇಷ್ ಅದಾರೆ. ಹಾಡೋ ಮಾರಾಯಂಗೆ ಯಾರೋ ಹೊಡ್ದಂಗೈತೆ" ಎಂದ. ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ 'ಇತ್ಸಾರಿ' ಬಂತು. ಅಪ್ಪನ ಬೆರಳು ನಿಂತಿತು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಎಂದ.

"ಇವ್ರು ನಿಂತ್ಕಂಡು ಹಾಡ್ತಾ ಇಲ್ಲ, ಮಗಾ. ತುಳೀತಾ ಅದಾರೆ. ಕಾಲು ಕೇಳ್ತೈತೆ ನೋಡು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಯಾರಿವ್ರು?" ಎಂದು ಕೇಳಿದ.

ಹುಡುಗ ತನಗೆ ಗೊತ್ತಿದ್ದಷ್ಟು ಹೇಳಿದ. ಜನಾಂಗದ ಹೆಸರು ಹೇಳಿದ, ದೇಶ ಹೇಳಿದ, ಇದು ರೋಗ ಹೋಗಲಿ ಎಂದು ಹಾಡುವ ಹಾಡು ಎಂದೂ ಹೇಳಿದ. ಅಪ್ಪ ತಲೆಯಾಡಿಸಿದ. ಅಷ್ಟು ದೂರದವರು ಯಾರೆಂದು ತನಗೆ ತಿಳಿಯಬಹುದಾದರೆ ತಾನು ಯಾರೆಂದು ಇನ್ನೊಬ್ಬರಿಗೂ ತಿಳಿಯಬಹುದೆಂದು ಅವನಿಗೆ ಅನ್ನಿಸಿತೋ ಏನೋ ನಾನರಿಯೆ. ಅವನು ಹಾಗೆಲ್ಲ ಬಾಯಿಬಿಟ್ಟು ಹೇಳುವ ಮನುಷ್ಯನಲ್ಲ. ಸಂಜೆ ಕಾಫಿ ಕುಡಿದಾದ ಮೇಲೆ ನನ್ನನ್ನು ಕರೆದು, "ಪೆನ್ನು ತಗಂಡು ಬಾ" ಎಂದ. ನಮ್ಮ ಮೇಳದ ಕ್ಯಾಸೆಟ್ಟಿನಲ್ಲಿ ಬಾರಿಸಿದವರ ಹೆಸರನ್ನು ಒಂದೊಂದಾಗಿ ಹೇಳಿಸಿದ. ಹಿರಿಯರನ್ನು ಮೊದಲು, ಅವರವರ ಅಪ್ಪಂದಿರ ಹೆಸರು ಸೇರಿಸಿ, ಯಾರ ಡೊಳ್ಳು ಯಾರ ಬಲಕ್ಕಿತ್ತು ಎಂಬುದನ್ನೂ ಸೇರಿಸಿ. ಐದು ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಮುಂದೆ 'ಕೈಲಾಸವಾಸಿ' ಎಂದು ಹಾಕಬೇಕೋ ಎಂದು ನಾನು ಕೇಳಿದೆ. "ಬಾರ್ಸೋವಾಗ ಬದ್ಕೇ ಇದ್ರಲ್ಲ, ಹಂಗೇ ಬರಿ" ಎಂದ.

ತನ್ನ ಹೆಸರನ್ನು ಹದಿಮೂರನೆಯದಾಗಿ ಹೇಳಿದ. ಊರಿಗೆ ವಾಪಸ್ಸು ಹೋದ ಮೇಲೆ ಟ್ರಂಕಿನಿಂದ ಕ್ಯಾಸೆಟ್ಟು ತೆಗೆಸಿ, ಅದರ ಡಬ್ಬಿಯೊಳಗೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇರಿಸಿಕೊಂಡನಂತೆ. ಯುಗಾದಿಗೆ ಮನೆಗೆ ಬಂದ ನೆಂಟರಿಗೆ ಮೊದಲು ಚೀಟಿ ಓದಿಸಿ, ಆಮೇಲೆ ಕ್ಯಾಸೆಟ್ಟು ಹಾಕಿಸಿದನೆಂದು ಅಕ್ಕ ಕಾಗದ ಬರೆದಿದ್ದಳು.